ಹಳೆಯ ಜಾಝ್ ಕಛೇರಿಯ ಹೊಸ ಬಿಡುಗಡೆ: ಎಲ್‌ಪಿ, ಸಿಡಿ, ಫೋನು – ದುಡ್ಡು ಯಾವುದಕ್ಕೆ ಹಾಕಬೇಕು?

ಯಾವುದೋ ಗ್ರಂಥಾಲಯದಲ್ಲೋ ಯಾರದೋ ಮನೆಯ ಪೆಟ್ಟಿಗೆಯಲ್ಲೋ ಐವತ್ತು ಅರವತ್ತು ವರ್ಷ ಬಿದ್ದಿದ್ದ ಟೇಪ್ ಸಿಕ್ಕಿದೆ, ಇಂಥ ತಿಂಗಳು ಆಲ್ಬಮ್ ಆಗಿ ಬರುತ್ತದೆ ಅಂತ ಸುದ್ದಿ ಬಂದ ಕೂಡಲೇ ಜಾಝ್ ಹುಚ್ಚಿನವರಿಗೆ ಸಮಾಧಾನ ಇರುವುದಿಲ್ಲ. ಒಂದು ತುಣುಕನ್ನು ಮೊದಲೇ ಬಿಡುತ್ತಾರೆ. ಅದನ್ನೇ ತಿರುಗಾ ಮುರುಗಾ ಕೇಳುತ್ತೇವೆ. ಪ್ರೀ-ಆರ್ಡರ್ ಶುರುವಾಗುತ್ತದೆ. ಆಮೇಲೆ ಪ್ರತಿ ಸಲವೂ ಅದೇ ಪ್ರಶ್ನೆ: ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ತರಿಸೋದಾ, ಸಿಡಿ ಸಾಕಾ, ಫೋನಿನಲ್ಲೇ ಕೇಳಿದರೆ ಆಗಲ್ವಾ?

ನ್ಯೂಯಾರ್ಕಿನಲ್ಲಿ ಇರುವವರಿಗೆ ಇದು ಸುಲಭ. ಅಂಗಡಿಗೆ ಹೋಗುತ್ತಾರೆ, ಕೈಯಲ್ಲಿ ಹಿಡಿದು ನೋಡುತ್ತಾರೆ, ಬೇಕಾದರೆ ತಗೊಳ್ಳುತ್ತಾರೆ. ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಇರುವ ನಮಗೆ ಸಾಗಣೆ ಖರ್ಚು ಇದೆ, ಕಸ್ಟಮ್ಸ್ ಇದೆ, ಮಳೆಗಾಲದ ಬೂಷ್ಟು ಇದೆ, ಬೇಸಿಗೆಯ ಧೂಳು ಇದೆ. ಎರಡು ತಟ್ಟೆಯ ವಿದೇಶಿ ಎಲ್‌ಪಿ ಕೈಗೆ ಬರುವಷ್ಟರಲ್ಲಿ ನಾಲ್ಕು ಸಾವಿರ ದಾಟಿದರೂ ಆಶ್ಚರ್ಯ ಇಲ್ಲ. ಅಷ್ಟು ದುಡ್ಡು ಕೊಡುವ ಮೊದಲು ಎರಡು ಮೂರು ವಿಷಯ ತಿಳಿದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಟ್ಟಿಗೆ ಉತ್ತರ ಹೀಗಿದೆ. ಎಲ್‌ಪಿಯೋ ಸಿಡಿಯೋ ಅಂತ ಕೇಳುವ ಮೊದಲು, ಈ ಟೇಪನ್ನು ಮಾಡಿದ್ದು ಯಾರು, ಮೈಕ್ ಎಲ್ಲಿತ್ತು, ಒಂದೊಂದು ಚೀಜು (ನುಡಿಸಿದ ರಚನೆ) ಎಷ್ಟು ಉದ್ದ ಇದೆ ಅಂತ ಕೇಳಿ. ಈ ಮೂರು ಗೊತ್ತಾದರೆ ಯಾವ ರೂಪದಲ್ಲಿ ಕೊಳ್ಳಬೇಕು ಅನ್ನುವುದು ತಾನಾಗಿಯೇ ತೀರ್ಮಾನ ಆಗುತ್ತದೆ.

ಇಲ್ಲಿಯ ಕಿವಿಗೆ ಇದು ಹೊಸದಲ್ಲ

ಧಾರವಾಡದ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಗೂಬಾಯಿ ಹಾನಗಲ್ಲರು ಮೊದಮೊದಲು 'ಗಾಂಧಾರಿ' ಅನ್ನುವ ಹೆಸರಿನಲ್ಲಿ ಹಾಡಿದ ಆ 78 ವೇಗದ ತಟ್ಟೆಗಳಲ್ಲಿ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಅದರಲ್ಲಿ ರಾಗದ ಚಹರೆ ಸಿಗುತ್ತಿತ್ತು. ಆದರೆ ಬೈಠಕ್‌ನಲ್ಲಿ ಕೂತು ಕೇಳಿದವರಿಗೆ ಸಿಕ್ಕಿದ್ದು ಬೇರೆಯೇ. ಮಲ್ಲಿಕಾರ್ಜುನ ಮನ್ಸೂರರ, ಬಸವರಾಜ ರಾಜಗುರುಗಳ ಖಾಸಗಿ ಟೇಪುಗಳನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಕೇಳಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆ ಟೇಪುಗಳಲ್ಲಿ ಫ್ಯಾನಿನ ಸದ್ದು ಇರುತ್ತದೆ, ಯಾರೋ ಕೆಮ್ಮುತ್ತಾರೆ, ತಬಲಾ ಜಾಸ್ತಿ ಕೇಳಿಸಿ ಹಾರ್ಮೋನಿಯಂ ಎಲ್ಲೋ ಹಿಂದೆ ಉಳಿಯುತ್ತದೆ. ಆದರೂ ಬಿಡುವುದಿಲ್ಲ. ಯಾಕೆಂದರೆ ಆ ದಿನದ ಗಾಯನ ಸ್ಟುಡಿಯೋದಲ್ಲಿ ಆಗಿಲ್ಲ.

ಜಾಝ್‌ನಲ್ಲೂ ಇದೇ ಕಥೆ. ಸ್ಟುಡಿಯೋದಲ್ಲಿ ಐದಾರು ನಿಮಿಷಕ್ಕೆ ಮುಗಿಸಿದ್ದನ್ನು ಕ್ಲಬ್ಬಿನಲ್ಲಿ ಇಪ್ಪತ್ತು ನಿಮಿಷ ಬೆಳೆಸುತ್ತಿದ್ದರು. ಹಾಗಾಗಿ ಸಂಗ್ರಹದಿಂದ ಹೊಸದಾಗಿ ಹೊರಬಂದ ಟೇಪ್ ಅಂದರೆ ಆ ಬೆಳೆಸಿದ್ದು ನಮಗೆ ಸಿಕ್ಕಿತು ಅಂತ ಅರ್ಥ. ಸದ್ದಿನ ಗುಣ ಮಾತ್ರ ಒಂದೊಂದರಲ್ಲಿ ಒಂದೊಂದು ಥರ. 2005ರಿಂದ ಈಚೆಗೆ ಬಂದ ಕೆಲವನ್ನು ಪಕ್ಕಪಕ್ಕ ಇಟ್ಟು ನೋಡೋಣ. ಮುಂದೆ ಬರುವವನ್ನು ಅಳೆಯಲು ಇವೇ ಮಾಪು.

ಕಾರ್ನೆಗಿ ಹಾಲ್, 1957

ಮೊದಲು ಎಲ್ಲರಿಗೂ ಹೇಳುವುದು ಇದನ್ನೇ. ಪಿಯಾನೋ ಥೆಲೋನಿಯಸ್ ಮಂಕ್, ಟೆನರ್ ಸ್ಯಾಕ್ಸೊಫೋನ್ ಜಾನ್ ಕೋಲ್ಟ್ರೇನ್, ಬಾಸ್ ಅಹ್ಮದ್ ಅಬ್ದುಲ್-ಮಲಿಕ್, ಡ್ರಮ್ಸ್ ಶಾಡೋ ವಿಲ್ಸನ್. 1957ರ ನವೆಂಬರ್ 29ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಸಹಾಯಾರ್ಥ ಕಛೇರಿ. ರೆಕಾರ್ಡ್ ಮಾಡಿದ್ದು ವಾಯ್ಸ್ ಆಫ್ ಅಮೆರಿಕ ರೇಡಿಯೋದವರು. ಆ ಟೇಪು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಳಿದುಕೊಂಡಿತ್ತು. 2005ರಲ್ಲಿ ಅಲ್ಲಿಯ ಲ್ಯಾರಿ ಆಪಲ್‌ಬಾಮ್ ಕಣ್ಣಿಗೆ ಬಿತ್ತು. ಅದೇ ವರ್ಷ ಬ್ಲೂ ನೋಟ್ ಕಂಪನಿ ಹೊರತಂದಿತು.

1957ರಲ್ಲಿ ಮಂಕ್, ಕೋಲ್ಟ್ರೇನ್ ಇಬ್ಬರೂ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ತಿಂಗಳುಗಟ್ಟಲೆ ಒಟ್ಟಿಗೆ ನುಡಿಸಿದ್ದರು. ಆದರೆ ಸ್ಟುಡಿಯೋದಲ್ಲಿ ಜೊತೆಯಾಗಿ ಮಾಡಿದ್ದು ಬಹಳ ಕಡಿಮೆ. ಅದಕ್ಕೇ ಈ ಟೇಪಿಗೆ ಅಷ್ಟು ಬೆಲೆ.

ರೇಡಿಯೋದವರು ಮಾಡಿದ್ದು ಅಂದ ಮೇಲೆ ಸದ್ದು ಸ್ವಚ್ಛ. ಧಾರವಾಡ ಆಕಾಶವಾಣಿಯ ಹಳೆಯ ಧ್ವನಿಮುದ್ರಣ ಕೇಳಿದವರಿಗೆ ಈ ಮಾತು ಬೇಗ ಅರ್ಥ ಆಗುತ್ತದೆ. ಕೆಲಸ ಗೊತ್ತಿದ್ದವರು ಮೈಕ್ ಇಟ್ಟರೆ ಐವತ್ತು ವರ್ಷ ಆದರೂ ಅದು ಕೇಳಿಸುತ್ತದೆ. ಇಲ್ಲಿ ಪಿಯಾನೋ ಸರಿಯಾಗಿ ಮುಂದೆ ಇದೆ. ಮಂಕ್ ಒಂದು ಸ್ವರ ಒತ್ತಿ ಕೈ ಎತ್ತಿದ ಮೇಲೆ ಬರುವ ಖಾಲಿ ಜಾಗ ಕೂಡ ಕೇಳಿಸುತ್ತದೆ. ಆ ಖಾಲಿ ಜಾಗದಲ್ಲಿ ಕೋಲ್ಟ್ರೇನ್ ನುಗ್ಗಿ ಬರುತ್ತಾನೆ, ಕೆಳಗಿನಿಂದ ಮೇಲಕ್ಕೆ ಒಂದೇ ಉಸಿರಿಗೆ ಸ್ವರಗಳನ್ನು ಸುರಿಯುತ್ತಾನೆ. ನಮ್ಮಲ್ಲಿ ತಾನ್ ಕೇಳಿ ಬೆಳೆದವರಿಗೆ ಈ ಜಾಗದಲ್ಲಿ ಬಾಯಿಂದ ತಾನಾಗಿಯೇ 'ವಾಹ್' ಬರುತ್ತದೆ.

ಒಟ್ಟು ಐವತ್ತು ನಿಮಿಷದ ಆಸುಪಾಸು. ಇದನ್ನು ಯಾವ ರೂಪದಲ್ಲಿ ಕೊಂಡರೂ ನಷ್ಟ ಇಲ್ಲ. ಚೀಜುಗಳು ಚಿಕ್ಕವು, ಎಲ್‌ಪಿಯಲ್ಲಿ ಎಲ್ಲೂ ತುಂಡಾಗುವುದಿಲ್ಲ. ಮನೆಯಲ್ಲಿ ಒಳ್ಳೆಯ ಟರ್ನ್‌ಟೇಬಲ್ ಇದ್ದರೆ ಎಲ್‌ಪಿ, ಇಲ್ಲದಿದ್ದರೆ ಸಿಡಿ.

ಪಾಲೋ ಆಲ್ಟೊ, 1968

ಇದರ ಹಿನ್ನೆಲೆ ಎಷ್ಟು ಹೇಳಿದರೂ ನನಗೆ ಸಾಲದು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊ ಹೈಸ್ಕೂಲು. 1968ರ ಅಕ್ಟೋಬರ್ 27, ಭಾನುವಾರ. ಅಲ್ಲಿ ಮಂಕ್ ಕಛೇರಿ ಏರ್ಪಡಿಸಿದ್ದು ಅದೇ ಶಾಲೆಯಲ್ಲಿ ಓದುತ್ತಿದ್ದ ಡ್ಯಾನಿ ಶೇರ್ ಅನ್ನುವ 16 ವರ್ಷದ ಹುಡುಗ. ಆ ವರ್ಷ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿತ್ತು. ಪಾಲೋ ಆಲ್ಟೊದಲ್ಲಿ ಬಿಳಿಯರು ಜಾಸ್ತಿ, ಪಕ್ಕದ ಈಸ್ಟ್ ಪಾಲೋ ಆಲ್ಟೊದಲ್ಲಿ ಕಪ್ಪು ಜನ ಜಾಸ್ತಿ. ಹುಡುಗ ಎರಡೂ ಕಡೆ ಪೋಸ್ಟರ್ ಅಂಟಿಸಿದ. ಎರಡೂ ಕಡೆಯವರು ಬಂದು ಕೂತರು. ಶಾಲೆಯ ಕಸ ಗುಡಿಸುವ, ಕಟ್ಟಡ ನೋಡಿಕೊಳ್ಳುವ ಕೆಲಸದವನೊಬ್ಬ, ತಾನೇ ಪಿಯಾನೋ ಶ್ರುತಿ ಮಾಡಿಕೊಡುತ್ತೇನೆ, ಪ್ರತಿಯಾಗಿ ರೆಕಾರ್ಡ್ ಮಾಡಲು ಬಿಡಿ ಅಂದನಂತೆ. ಅವನು ಮಾಡಿದ ಟೇಪೇ 2020ರಲ್ಲಿ ಇಂಪಲ್ಸ್ ಕಂಪನಿಯಿಂದ ಬಂದದ್ದು. ಅವನ ಹೆಸರು ಆಲ್ಬಮ್ ಮೇಲೆ ಇಲ್ಲ. ಅದು ನನಗೆ ಇವತ್ತಿಗೂ ಬೇಸರ.

ಆದರೆ ಅವನ ಕೆಲಸ ನೋಡಿ. ಮಂಕ್, ಟೆನರ್‌ನಲ್ಲಿ ಚಾರ್ಲಿ ರೌಸ್, ಬಾಸ್ ಲ್ಯಾರಿ ಗೇಲ್ಸ್, ಡ್ರಮ್ಸ್ ಬೆನ್ ರೈಲಿ. ನಾಲ್ಕೂ ವಾದ್ಯ ಬೇರೆ ಬೇರೆಯಾಗಿ ಕೇಳಿಸುತ್ತವೆ. 'ವೆಲ್, ಯು ನೀಡಂಟ್'ನಲ್ಲಿ ಗೇಲ್ಸ್ ಬಾಸ್ ಮೇಲೆ ಕಮಾನು ಎಳೆಯುತ್ತಾನೆ, ಅದರ ಮೇಲೆ ತಾನೇ ಗುನುಗುತ್ತಾನೆ. ಅದೂ ಟೇಪಿಗೆ ಬಂದಿದೆ. ಮನೆಯಲ್ಲಿ ಹಿರಿಯರ ಮುಂದೆ ಇಟ್ಟಾಗ ಸಾರಂಗಿ ಏನ್ರೀ ಇದು ಅಂತ ಕೇಳಿದರು. ಹಾಗೆ ಕೇಳಿದ್ದು ನನಗೆ ಬಹಳ ಖುಷಿ ಕೊಟ್ಟಿತು, ಯಾಕೆಂದರೆ ಅವರು ನಿಜವಾಗಿಯೂ ಕಿವಿ ಕೊಟ್ಟಿದ್ದರು.

ಒಟ್ಟು 47 ನಿಮಿಷ. ಒಂದೇ ತಟ್ಟೆ, ಎರಡು ಬದಿ. ಎಲ್‌ಪಿ ಮೊದಲ ಸಲ ಕೊಳ್ಳುವವರಿಗೆ ನನ್ನ ಆಯ್ಕೆ ಇದು. ಒಂದು ತಟ್ಟೆಯಾದ್ದರಿಂದ ಬೆಲೆಯೂ ಕಡಿಮೆ, ಸಾಗಣೆ ತೂಕವೂ ಕಡಿಮೆ.

ವಿಲೇಜ್ ಗೇಟ್, 1961 ಮತ್ತು ಸಿಯಾಟಲ್, 1965

ಇವೆರಡನ್ನೂ ಒಟ್ಟಿಗೆ ಹೇಳಬೇಕು. ಎರಡೂ ಕೋಲ್ಟ್ರೇನ್‌ನವು, ಎರಡರಲ್ಲೂ ಡ್ರಮ್ಸ್ ಎಲ್ವಿನ್ ಜೋನ್ಸ್, ಎರಡನ್ನೂ ಕೇಳಿದವರು ಒಂದೇ ದೂರು ಹೇಳುತ್ತಾರೆ: 'ಬರೇ ಡ್ರಮ್ಮೇ ಕೇಳ್ತೈತಲ್ರೀ!'

ವಿಲೇಜ್ ಗೇಟ್ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿದ್ದ ಕ್ಲಬ್. 1961ರ ಆಗಸ್ಟ್‌ನಲ್ಲಿ ರಿಚ್ ಆಲ್ಡರ್ಸನ್ ಅನ್ನುವ ಯುವ ಎಂಜಿನಿಯರ್ ಅಲ್ಲಿಯ ಹೊಸ ಸೌಂಡ್ ಸಿಸ್ಟಮ್ ಪರೀಕ್ಷೆಗೆ ಅಂತ ಒಂದೇ ಒಂದು ರಿಬ್ಬನ್ ಮೈಕನ್ನು ವೇದಿಕೆಯ ಮೇಲುಗಡೆ ತೂಗುಹಾಕಿ ಟೇಪ್ ಮಾಡಿಕೊಂಡ. ಆಲ್ಬಮ್ ಮಾಡುವ ಉದ್ದೇಶವೇ ಇರಲಿಲ್ಲ. ಆ ಟೇಪು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಸಂಗ್ರಹದಲ್ಲಿ ಸಿಕ್ಕಿ, 2023ರ ಜುಲೈನಲ್ಲಿ ಹೊರಬಂತು. ಮೈಕ್ ಒಂದೇ ಆದ್ದರಿಂದ ಎಡ-ಬಲ ಇಲ್ಲ, ಮೋನೋ. ಡ್ರಮ್ಸ್ ಮುಂದೆ, ಪಿಯಾನೋ ಹಿಂದೆ.

ಆದರೆ ಇಲ್ಲಿ ಎರಿಕ್ ಡಾಲ್ಫಿ ಇದ್ದಾನೆ. ಕೊಳಲು, ಬಾಸ್ ಕ್ಲಾರಿನೆಟ್, ಆಲ್ಟೊ ಸ್ಯಾಕ್ಸೊಫೋನ್ ಮೂರನ್ನೂ ನುಡಿಸುತ್ತಿದ್ದ ಮನುಷ್ಯ. 1964ರಲ್ಲಿ, 36ನೇ ವಯಸ್ಸಿನಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡ. ಕೋಲ್ಟ್ರೇನ್ ಜೊತೆ ಅವನು ಕ್ಲಬ್ಬಿನಲ್ಲಿ ನುಡಿಸಿದ ಪ್ರತಿ ನಿಮಿಷವೂ ಅಮೂಲ್ಯ. ಕೊನೆಯಲ್ಲಿರುವ 'ಆಫ್ರಿಕಾ' ಇಪ್ಪತ್ತೆರಡು ನಿಮಿಷ ದಾಟುತ್ತದೆ. ಅದನ್ನು ಕೋಲ್ಟ್ರೇನ್ ವೇದಿಕೆಯ ಮೇಲೆ ನುಡಿಸಿದ ಟೇಪು ಬೇರೆ ಎಲ್ಲೂ ಸಿಕ್ಕಿಲ್ಲ. ಇದರಲ್ಲಿ ಇಬ್ಬರು ಬಾಸ್ ನುಡಿಸುತ್ತಾರೆ, ರೆಜಿ ವರ್ಕ್‌ಮನ್ ಮತ್ತು ಆರ್ಟ್ ಡೇವಿಸ್. ಆ ದಿನಗಳಲ್ಲಿ ಕೋಲ್ಟ್ರೇನ್ ರವಿಶಂಕರ್ ಅವರ ಸಂಗೀತ ಕೇಳುತ್ತಿದ್ದ; ಮುಂದೆ ಮಗನಿಗೆ ರವಿ ಅಂತಲೇ ಹೆಸರಿಟ್ಟ. ಎರಡು ಬಾಸ್ ಸೇರಿದಾಗ ಕೆಳಗೆ ಒಂದು ಆಧಾರ ಹಿಡಿದಂತಾಗುತ್ತದೆ, ಮೇಲೆ ಮಿಕ್ಕವರು ಎಷ್ಟು ಬೇಕಾದರೂ ಅಲೆದಾಡಬಹುದು. ತಂಬೂರಿ ಕೇಳಿ ಅಭ್ಯಾಸ ಇರುವ ಕಿವಿ ಇಲ್ಲಿ ಬೇಗ ನೆಲೆ ಕಂಡುಕೊಳ್ಳುತ್ತದೆ.

ಸಿಯಾಟಲ್ ಟೇಪು 1965ರ ಅಕ್ಟೋಬರ್ 2ರದು. ಪೆಂಟ್‌ಹೌಸ್ ಅನ್ನುವ ಕ್ಲಬ್. ಟೇಪ್ ಮಾಡಿದ್ದು ಜೋ ಬ್ರೆಝಿಲ್, ಅವನೂ ಸ್ಯಾಕ್ಸೊಫೋನ್ ನುಡಿಸುವವನು. ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಅವನು ಹೋದ ಮೇಲೆ 2021ರಲ್ಲಿ ಇಂಪಲ್ಸ್ ಹೊರತಂದಿತು. 1964ರ ಡಿಸೆಂಬರ್‌ನಲ್ಲಿ ಸ್ಟುಡಿಯೋದಲ್ಲಿ ಸುಮಾರು 33 ನಿಮಿಷಕ್ಕೆ ಮುಗಿದಿದ್ದ ಕೋಲ್ಟ್ರೇನ್ ರಚನೆ 'ಎ ಲವ್ ಸುಪ್ರೀಮ್' ಇಲ್ಲಿ 75 ನಿಮಿಷ ಹಬ್ಬಿದೆ. ಜನವೂ ಜಾಸ್ತಿ: ಸ್ಯಾಕ್ಸೊಫೋನ್‌ಗೆ ಫರೋವಾ ಸ್ಯಾಂಡರ್ಸ್, ಕಾರ್ಲೋಸ್ ವಾರ್ಡ್, ಎರಡನೇ ಬಾಸ್‌ಗೆ ಡೊನಾಲ್ಡ್ ಗ್ಯಾರೆಟ್. ಸ್ಯಾಕ್ಸೊಫೋನ್‌ಗಳು ಮೈಕಿನಿಂದ ದೂರ ನಿಂತಿವೆ. ಎಲ್ವಿನ್ ಮಾತ್ರ ನಿಮ್ಮ ಮೊಣಕಾಲ ಹತ್ತಿರವೇ ಕೂತು ಬಾರಿಸಿದ ಹಾಗೆ ಕೇಳಿಸುತ್ತದೆ.

ಇದಕ್ಕೆ ನನ್ನ ಸಲಹೆ ಒಂದಿದೆ. ಮೊದಲ ಸಲ ಕೇಳುವಾಗ ಡ್ರಮ್ಸನ್ನೇ ಕೇಳಿ. ತಬಲಾದವರ ಕೈ ನೋಡುತ್ತಾ ಕಛೇರಿ ಕೇಳುವವರು ಇರುತ್ತಾರಲ್ಲ, ಹಾಗೆ. ಎಲ್ವಿನ್ ಬಲಗೈ ಸಿಂಬಲ್ ಮೇಲೆ ಒಂದು ಲೆಕ್ಕ ಹಿಡಿದಿರುತ್ತದೆ, ಎಡಗೈ ಅದಕ್ಕೆ ಅಡ್ಡವಾಗಿ ಮೂರರ ಲೆಕ್ಕ ಹಾಕುತ್ತದೆ, ಕಾಲು ಎಲ್ಲಿಂದಲೋ ಬಂದು ಸೇರುತ್ತದೆ. ಒಳ್ಳೆಯ ಸ್ಟುಡಿಯೋ ರೆಕಾರ್ಡಿಂಗ್‌ನಲ್ಲಿ ಇಷ್ಟು ಹತ್ತಿರದಿಂದ ಇದು ಸಿಗುವುದಿಲ್ಲ. ಎರಡನೇ ಸಲ ಕೇಳುವಾಗ ಸ್ಯಾಕ್ಸೊಫೋನ್ ತಾನೇ ಮುಂದೆ ಬರುತ್ತದೆ, ಯಾಕೆಂದರೆ ಎಲ್ಲಿ ಹುಡುಕಬೇಕು ಅಂತ ಕಿವಿಗೆ ಗೊತ್ತಾಗಿರುತ್ತದೆ.

ಈ ಎರಡಕ್ಕೂ ಸಿಡಿಯೇ ಸರಿ. ಸಿಯಾಟಲ್‌ನ 75 ನಿಮಿಷ ಒಂದೇ ಓಟ. ಅದನ್ನು ನಾಲ್ಕು ಬದಿಗೆ ಹಂಚಿದರೆ ಪ್ರತಿ ಸಲ ಎದ್ದು ತಟ್ಟೆ ತಿರುವಬೇಕು. ದೊಡ್ಡ ಖ್ಯಾಲ್ ನಡುವೆ ಯಾರೋ ಎಬ್ಬಿಸಿ ಚಹಾ ಕೊಟ್ಟ ಹಾಗೆ. ವಿಲೇಜ್ ಗೇಟ್ ಸುಮಾರು 80 ನಿಮಿಷ, ಒಂದೇ ಸಿಡಿಯಲ್ಲಿ ಮುಗಿಯುತ್ತದೆ.

ಸ್ಲಗ್ಸ್, 1966

2024ರ ನವೆಂಬರ್‌ನಲ್ಲಿ ಬ್ಲೂ ನೋಟ್ ತಂದದ್ದು, ನ್ಯೂಯಾರ್ಕಿನ ಸ್ಲಗ್ಸ್ ಕ್ಲಬ್ಬಿನ ಟೇಪು. ಪಿಯಾನೋ ಮೆಕಾಯ್ ಟೈನರ್, ಟೆನರ್ ಜೋ ಹೆಂಡರ್ಸನ್, ಬಾಸ್ ಹೆನ್ರಿ ಗ್ರೈಮ್ಸ್, ಡ್ರಮ್ಸ್ ಜ್ಯಾಕ್ ಡಿಜಾನೆಟ್. ಆರ್ವಿಲ್ ಓ'ಬ್ರಯನ್ ಮಾಡಿದ ಈ ಟೇಪನ್ನು ಡಿಜಾನೆಟ್ ಅಷ್ಟೂ ವರ್ಷ ತನ್ನ ಸಂಗ್ರಹದಲ್ಲಿ ಕಾಪಾಡಿಕೊಂಡಿದ್ದ. ಸದ್ದು ವಿಲೇಜ್ ಗೇಟ್‌ಗಿಂತ ಎಷ್ಟೋ ಮೇಲು, ಕಾರ್ನೆಗಿ ಹಾಲ್‌ಗಿಂತ ಒರಟು. ಆದರೆ ಕಾವು! ಇಷ್ಟು ಕಾವು ಈ ಪಟ್ಟಿಯಲ್ಲಿ ಬೇರೆ ಯಾವುದರಲ್ಲೂ ಇಲ್ಲ. ಗ್ರೈಮ್ಸ್ ಈ ಟೇಪಿನ ನಂತರ ಸ್ವಲ್ಪ ಕಾಲಕ್ಕೇ ಸಂಗೀತದಿಂದ ಕಾಣೆಯಾದ. ತೀರಿಹೋಗಿದ್ದಾನೆ ಅಂತಲೇ ಬಹಳ ಜನ ನಂಬಿದ್ದರು. 2002ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪತ್ತೆಯಾದ, ಮತ್ತೆ ಬಾಸ್ ಹಿಡಿದ, 2020ರವರೆಗೆ ಬದುಕಿದ್ದ. ಅವನ ಬೆರಳು ತಂತಿ ಎಳೆಯುವ ಸದ್ದು ಈ ಟೇಪಿನಲ್ಲಿ ಸ್ಪಷ್ಟವಾಗಿದೆ, ಅದೊಂದಕ್ಕಾಗಿಯಾದರೂ ಕೇಳಬೇಕು.

ಎರಡು ಚೀಜುಗಳು 25 ನಿಮಿಷ ದಾಟುತ್ತವೆ. ಎಲ್‌ಪಿ ಕೊಳ್ಳುವ ಮೊದಲು ಇದನ್ನು ಗಮನದಲ್ಲಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಾಡು ಬೇಕು ಅನ್ನುವವರಿಗೆ

ಎಲಾ ಫಿಟ್ಜರಾಲ್ಡ್, ಬರ್ಲಿನ್, 1962ರ ಮಾರ್ಚ್ 25. ಅವಳ ಮ್ಯಾನೇಜರ್ ನಾರ್ಮನ್ ಗ್ರಾನ್ಝ್ ಅವರ ಖಾಸಗಿ ಸಂಗ್ರಹದಲ್ಲಿದ್ದ ಟೇಪು, 2020ರಲ್ಲಿ ವರ್ವ್ ಕಂಪನಿಯಿಂದ ಬಂತು. ಸದ್ದು ಬಹಳ ಚೆನ್ನಾಗಿದೆ. ಅರ್ಥವಿಲ್ಲದ ಉಚ್ಚಾರಗಳಲ್ಲಿ ಸ್ವರ ಹರಿಬಿಡುವ ಅವಳ ರೀತಿ ತರಾನಾ ಪ್ರಿಯರಿಗೆ ಹಿಡಿಸದೆ ಇರುವುದಿಲ್ಲ. ಮನೆಯವರೆಲ್ಲ ಕೂತು ಕೇಳಬಹುದಾದದ್ದು ಈ ಪಟ್ಟಿಯಲ್ಲಿ ಇದೇ. ಯಾವ ರೂಪದಲ್ಲಾದರೂ ಸರಿ.

ಎಲ್‌ಪಿಯ ಲೆಕ್ಕ

ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗುವ ಎಲ್‌ಪಿಯ ಒಂದು ಬದಿಗೆ ಹಾಯಾಗಿ ಹಿಡಿಯುವುದು 20–22 ನಿಮಿಷ. ಅದಕ್ಕಿಂತ ಜಾಸ್ತಿ ತುಂಬಿಸಬಹುದು, ಆದರೆ ಗೆರೆಗಳನ್ನು ಒತ್ತೊತ್ತಾಗಿ ಕೆತ್ತಬೇಕಾಗುತ್ತದೆ. ಆಗ ಸದ್ದಿನ ಮಟ್ಟ ತಗ್ಗಿಸಬೇಕು, ಬಾಸ್ ಕಡಿಮೆ ಮಾಡಬೇಕು. ಇನ್ನೊಂದು ತೊಂದರೆ ಏನೆಂದರೆ, ಸೂಜಿ ಒಳಗಿನ ಸುತ್ತಿಗೆ ಬಂದ ಹಾಗೆ ಸದ್ದು ಕೆಡುತ್ತಾ ಹೋಗುತ್ತದೆ. ಜಾಝ್‌ನಲ್ಲಿ ಎಲ್ಲರೂ ಕಾವಿಗೆ ಬರುವುದು ಚೀಜಿನ ಕೊನೆಯಲ್ಲಿ. ಅಂದರೆ ಅತಿ ಜೋರಾದ ಭಾಗ ತಟ್ಟೆಯ ಅತಿ ದುರ್ಬಲ ಜಾಗಕ್ಕೆ ಬಂದು ಬೀಳುತ್ತದೆ. ಸ್ಲಗ್ಸ್‌ನ ಉದ್ದದ ಚೀಜುಗಳಿಗೆ ಸಿಡಿಯೇ ಒಳ್ಳೆಯದು ಅನ್ನುವುದು ಇದಕ್ಕೇ.

180 ಗ್ರಾಂ ತಟ್ಟೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ತೂಕ ಜಾಸ್ತಿಯಾದರೆ ತಟ್ಟೆ ಗಟ್ಟಿ, ಅಷ್ಟೇ. ಒಳಗಿನ ಟೇಪು ಒಂದೇ ಮೈಕಿನದಾದರೆ ತೂಕ ಅದನ್ನು ಬದಲಾಯಿಸುವುದಿಲ್ಲ.

ಹಾಗಾದರೆ ಎಲ್‌ಪಿ ಯಾಕೆ? ಕವರಿನ ಚಿತ್ರ ಮತ್ತು ಬುಕ್‌ಲೆಟ್‌ಗಾಗಿ. ಇಂಥ ಬಿಡುಗಡೆಗಳ ಬುಕ್‌ಲೆಟ್ ನಿಜಕ್ಕೂ ಓದುವಂಥದ್ದು. ಟೇಪ್ ಎಲ್ಲಿ ಸಿಕ್ಕಿತು, ಆ ದಿನ ಏನಾಯಿತು, ಬದುಕಿರುವ ಕಲಾವಿದರು ಏನನ್ನುತ್ತಾರೆ, ಎಲ್ಲಾ ಇರುತ್ತದೆ. ಆದರೆ ಸಿಡಿಯಲ್ಲೂ ಸಾಮಾನ್ಯವಾಗಿ ಅದೇ ಬರಹ ಸಿಗುತ್ತದೆ, ಅಕ್ಷರ ಚಿಕ್ಕದು ಅಷ್ಟೇ. ಕೈಯಲ್ಲಿ ಹಿಡಿದು ಕೂತು ಕೇಳುವ ಸುಖಕ್ಕೆ ದುಡ್ಡು ಕೊಡುತ್ತಿದ್ದೇನೆ ಅಂತ ತಿಳಿದು ಕೊಟ್ಟರೆ ಏನೂ ತಪ್ಪಿಲ್ಲ.

ನಮ್ಮ ಹವೆಯ ಮಾತು. ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒದ್ದೆ. ಗೋಡೆಗೆ ತಾಗಿಸಿದ ಕಪಾಟಿನಲ್ಲಿ ಎಲ್‌ಪಿ ಇಟ್ಟರೆ ಆಗಸ್ಟ್ ಹೊತ್ತಿಗೆ ಕವರಿನ ಅಂಚಿನಲ್ಲಿ ಬೂದು ಚುಕ್ಕೆ ಕಾಣುತ್ತವೆ, ಮುಟ್ಟಿದರೆ ಕೈಗೆ ಪುಡಿ ಹತ್ತುತ್ತದೆ. ಬೂಷ್ಟು ಒಳಗಿನ ಕಾಗದದ ಚೀಲಕ್ಕೆ ಇಳಿದು ಅಲ್ಲಿಂದ ತಟ್ಟೆಗೆ ಹತ್ತಿದರೆ ಕರ್‌ಕರ್ ಸದ್ದು ಶುರು. ಕಾಗದದ ಚೀಲ ತೆಗೆದು ಪ್ಲಾಸ್ಟಿಕ್ ಒಳಚೀಲ ಹಾಕಿ, ನೆಟ್ಟಗೆ ನಿಲ್ಲಿಸಿ ಇಡಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಿಸಿಲು ಬಿದ್ದ ದಿನ ಬಾಗಿಲು ತೆರೆದಿಡಿ. ಗದಗದ ಕಡೆ ತೊಂದರೆ ಬೇರೆ. ಅಲ್ಲಿ ಒಣಹವೆ, ಗಾಳಿ, ಧೂಳು. ತಟ್ಟೆಗೆ ವಿದ್ಯುತ್ ಅಂಟಿಕೊಂಡು ಧೂಳನ್ನು ಎಳೆಯುತ್ತದೆ. ಕಾರ್ಬನ್ ಫೈಬರ್ ಬ್ರಷ್ ಇಲ್ಲದೆ ಅಲ್ಲಿ ಎಲ್‌ಪಿ ಸಾಕುವುದು ಕಷ್ಟ. ಹಾವೇರಿಯಲ್ಲಿ ಇರುವವರಿಗೆ ಮಳೆಗಾಲದಲ್ಲಿ ಧಾರವಾಡದ ಉಪಾಯ, ಬೇಸಿಗೆಯಲ್ಲಿ ಗದಗದ ಉಪಾಯ.

ಕರೆಂಟು ಹೋದರೆ ತಟ್ಟೆ ನಿಧಾನವಾಗಿ ನಿಲ್ಲುತ್ತದೆ. ತಡಮಾಡದೆ ಸೂಜಿ ಎತ್ತಿ. ಬಂದ ಕೂಡಲೇ ಅಲ್ಲಿಂದಲೇ ಶುರುವಾಗಲಿ ಅಂತ ಬಿಡಬೇಡಿ.

ಸಿಡಿ, ಮತ್ತು ಹೈ-ರೆಸ್ ಅನ್ನುವ ಆಸೆ

ಸಿಡಿ ಹಳೆಯದಾಯಿತು ಅನ್ನುತ್ತಾರೆ. ಈ ಬಗೆಯ ಟೇಪುಗಳಿಗೆ ಅದಕ್ಕಿಂತ ಒಳ್ಳೆಯ ವ್ಯವಹಾರ ಇಲ್ಲ. 16 ಬಿಟ್ ಸಿಡಿಗೆ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಾದ ಸದ್ದಿನವರೆಗೆ ಸುಮಾರು 96 ಡೆಸಿಬೆಲ್ ಹಿಡಿಯುವ ಶಕ್ತಿ ಇದೆ. 1960ರ ಸುಮಾರಿನ ಟೇಪಿಗೆ ಹೆಚ್ಚೆಂದರೆ 60–70. ಅದರ ಕೆಳಗೆ ಬರೇ 'ಸ್‌ಸ್' ಅನ್ನುವ ಟೇಪಿನ ಸದ್ದು. ಹಾಗಾಗಿ ಹೈ-ರೆಸ್ ಅಂತ ಮಾರುವ 24 ಬಿಟ್ ಫೈಲಿಗೆ ಜಾಸ್ತಿ ಕೊಟ್ಟರೆ ನೀವು ಕೊಂಡದ್ದು ಆ 'ಸ್‌ಸ್' ಸದ್ದಿನ ಸೂಕ್ಷ್ಮ ವಿವರ. ಕಾರ್ನೆಗಿ ಹಾಲ್‌ನಂಥ ಟೇಪಿಗೆ ಬೇಕಾದರೆ ತಗೊಳ್ಳಿ. ವಿಲೇಜ್ ಗೇಟ್‌ಗೆ ಬೇಡ.

ಸಿಡಿ ಪ್ಲೇಯರ್ ಇಲ್ಲ ಅನ್ನುವವರು ಒಮ್ಮೆ ಅಟ್ಟ ಹುಡುಕಿ. ಹಳೆಯ ಡಿವಿಡಿ ಪ್ಲೇಯರ್ ಬಹಳ ಮನೆಗಳಲ್ಲಿ ಸುಮ್ನೆ ಬಿದ್ದಿದೆ. ಆಡಿಯೋ ತಂತಿಯನ್ನು ಒಂದು ಒಳ್ಳೆಯ ಆಂಪ್ಲಿಫೈಯರ್‌ಗೆ ಸಿಕ್ಕಿಸಿದರೆ ಕೆಲಸ ಆಯಿತು. ಉಳಿದ ದುಡ್ಡನ್ನು ಸ್ಪೀಕರ್‌ಗೆ ಹಾಕಿ. ಮೋನೋ ಟೇಪುಗಳಿಗಂತೂ ಎರಡು ಸಾಧಾರಣ ಸ್ಪೀಕರ್‌ಗಿಂತ ಒಂದು ಒಳ್ಳೆಯ ಸ್ಪೀಕರ್ ಮೇಲು.

ಫೋನಿನಲ್ಲಿ ಕೇಳುವವರಿಗೆ

ಎಲ್ಲರೂ ಮೊದಲು ಕೇಳಬೇಕಾದದ್ದು ಇಲ್ಲೇ. ಬಿಡುಗಡೆಯ ದಿನ ಫೋನಿನಲ್ಲಿ ಒಮ್ಮೆ ಪೂರ್ತಿ ಕೇಳಿ, ಆಮೇಲೆ ಕೊಳ್ಳುವ ಮಾತು. ಆದರೆ ಆ್ಯಪ್‌ನ ಸೆಟ್ಟಿಂಗ್ಸ್ ಸ್ವಲ್ಪ ಸರಿಮಾಡಿಕೊಳ್ಳಿ. ಒಂದು ಚೀಜಿನ ಕೊನೆಯನ್ನು ಮುಂದಿನದಕ್ಕೆ ಬೆರೆಸುವ ಕ್ರಾಸ್‌ಫೇಡ್ ಆಫ್ ಮಾಡಿ, ಇಲ್ಲದಿದ್ದರೆ ಚಪ್ಪಾಳೆ ಮೇಲೆ ಚಪ್ಪಾಳೆ ಬಿದ್ದು ಗೊಂದಲ. ಎರಡು ಚೀಜುಗಳ ನಡುವೆ ಸದ್ದು ತುಂಡಾಗದಂತೆ ನೋಡಿಕೊಳ್ಳುವ ಗ್ಯಾಪ್‌ಲೆಸ್ ಆನ್ ಮಾಡಿ. ಶಫಲ್ ಬೇಡವೇ ಬೇಡ. ಮೆಲ್ಲನೆಯ ಭಾಗ, ಜೋರಾದ ಭಾಗ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ. ಬ್ಲೂಟೂತ್ ಸದ್ದನ್ನು ಹಿಂಡಿ ಕಳಿಸುತ್ತದೆ. ಮನೆಯಲ್ಲಿ ತಂತಿಯ ಹೆಡ್‌ಫೋನ್ ಬಳಸಿದರೆ ಎಲ್ವಿನ್ ಸಿಂಬಲ್ಲಿನ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡುವವರಿಗೆ ಪಾಲೋ ಆಲ್ಟೊದ 47 ನಿಮಿಷ ದಾರಿಗೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಮಂಕ್ ಒಬ್ಬನೇ ನುಡಿಸುವ ಚೀಜುಗಳನ್ನು ಮಾತ್ರ ಮನೆಗೆ ಉಳಿಸಿಕೊಳ್ಳಿ, ಎಸಿ ಸದ್ದಿನಲ್ಲಿ ಅವು ಮುಳುಗಿಹೋಗುತ್ತವೆ. ಬಸ್ಸಿಗೆ ಎಲಾ ಸರಿ.

ಫೋನಿನ ಕೊರತೆ ಎಂದರೆ ಬುಕ್‌ಲೆಟ್ ಇರುವುದಿಲ್ಲ. ಇವತ್ತು ಇದ್ದ ಆಲ್ಬಮ್ ನಾಳೆ ಇಲ್ಲದೆಯೂ ಹೋಗಬಹುದು.

ಕೊಳ್ಳುವಾಗ

ಯುರೋಪಿನಲ್ಲಿ ಹಳೆಯ ರೇಡಿಯೋ ಪ್ರಸಾರಗಳನ್ನು ಎತ್ತಿಕೊಂಡು ಎಲ್‌ಪಿ ಮಾಡಿ ಮಾರುವವರು ಬಹಳ ಇದ್ದಾರೆ. ಕವರು ಚೆಂದ, ಬೆಲೆ ಕಡಿಮೆ, ಒಳಗೆ ಎಲ್ಲಿಂದ ಬಂದ ಟೇಪು ಅಂತ ಒಂದು ಸಾಲೂ ಇರುವುದಿಲ್ಲ. ಕಲಾವಿದರ ಮನೆಯವರಿಗೆ ಒಂದು ಪೈಸೆ ಹೋಗುವುದಿಲ್ಲ. ನಾನು ಇವನ್ನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ ಅಂತ ಬೇಡಿಕೊಳ್ಳುತ್ತೇನೆ. ಗುರುತಿಸುವುದು ಸುಲಭ. ತಾರೀಖು, ಜಾಗ, ಟೇಪ್ ಮಾಡಿದವರ ಹೆಸರು, ಟೇಪು ಯಾರ ಹತ್ತಿರ ಇತ್ತು, ಕುಟುಂಬದ ಒಪ್ಪಿಗೆ ಇದೆಯಾ, ಇವು ಅಧಿಕೃತ ಬಿಡುಗಡೆಯಲ್ಲಿ ಇದ್ದೇ ಇರುತ್ತವೆ. ಸುಮ್ನೆ 'ಲೈವ್, 1960' ಅಂತಷ್ಟೇ ಇದ್ದರೆ ಮುಟ್ಟಬೇಡಿ.

ಏಪ್ರಿಲ್‌ನಲ್ಲಿ ರೆಕಾರ್ಡ್ ಅಂಗಡಿಗಳು ಆಚರಿಸುವ ರೆಕಾರ್ಡ್ ಸ್ಟೋರ್ ಡೇ ಹೊತ್ತಿಗೆ ಇಂಥ ಟೇಪುಗಳು ಸಾಲುಸಾಲಾಗಿ ಬರುತ್ತವೆ. ರೆಸೊನೆನ್ಸ್‌ನಂಥ ಕಂಪನಿಗಳು ಎಷ್ಟೋ ಸಲ ಮೊದಲು ಮಿತ ಸಂಖ್ಯೆಯ ಎಲ್‌ಪಿ ಬಿಟ್ಟು, ಕೆಲವೇ ದಿನಕ್ಕೆ ಸಿಡಿ ಮತ್ತು ಡಿಜಿಟಲ್ ಬಿಡುತ್ತವೆ. ಎಲ್‌ಪಿ ಮುಗಿದುಹೋಯಿತಲ್ಲಾ ಅಂತ ಮೂರು ಪಟ್ಟು ಬೆಲೆಗೆ ಮರುಮಾರಾಟದವರಿಂದ ಕೊಳ್ಳಲು ಹೋಗಬೇಡಿ. ಸ್ವಲ್ಪ ತಡೆಯಿರಿ, ಸಿಡಿ ಬರುತ್ತದೆ.

ವಿದೇಶದಿಂದ ನೇರವಾಗಿ ತರಿಸುವುದಾದರೆ ಆಲ್ಬಮ್ ಬೆಲೆಯ ಮೇಲೆ ಸಾಗಣೆ, ಅದರ ಮೇಲೆ ಸುಂಕ ಮತ್ತು ತೆರಿಗೆ, ಕೊನೆಗೆ ಕೊರಿಯರ್‌ನವರ ಶುಲ್ಕ ಅಂತ ಸೇರುತ್ತಾ ಹೋಗುತ್ತದೆ. ಮೊದಲು ಮುಂಬೈ, ಬೆಂಗಳೂರಿನ ಅಂಗಡಿಗಳಲ್ಲಿ ವಿಚಾರಿಸಿ, ಅವರು ತರಿಸುವವರಿದ್ದರೆ ಅದೇ ಅಗ್ಗ. ಇಲ್ಲವಾದರೆ ಹುಬ್ಬಳ್ಳಿ, ಧಾರವಾಡ, ಗದಗದ ನಾಲ್ಕೈದು ಜನ ಸೇರಿ ಒಂದೇ ಪೆಟ್ಟಿಗೆಯಲ್ಲಿ ತರಿಸಿ, ಸಾಗಣೆ ಹಂಚಿಕೊಳ್ಳಿ. ಒಬ್ಬರು ಸ್ಲಗ್ಸ್, ಒಬ್ಬರು ಸಿಯಾಟಲ್, ಒಬ್ಬರು ಪಾಲೋ ಆಲ್ಟೊ ತಗೊಂಡರೆ ಎಲ್ಲರ ಮನೆಯಲ್ಲೂ ಎಲ್ಲವೂ ಸುತ್ತಾಡುತ್ತದೆ. ಎಲ್‌ಪಿ ಪಾರ್ಸೆಲ್ ಬಂದ ದಿನ ತೆರೆಯುವಾಗ ಮಾತ್ರ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ತಟ್ಟೆ ಬಾಗಿದ್ದರೆ ಅಥವಾ ಅಂಚು ಒಡೆದಿದ್ದರೆ ಬದಲಿ ಕೇಳಲು ಅದು ಬೇಕಾಗುತ್ತದೆ.